ಪಟ್ಟಿ ಇದ್ದದ್ದು ಗುಮ್ಮನಗುಸ್ಕನ ಹತ್ತಿರ

ನಾಲ್ಕು ತಿಂಗಳಿಂದ ಆ ಮನುಷ್ಯ ನನ್ನ ಮುಖ ನೋಡಿರಲಿಲ್ಲ. ಒಂದೇ ಟೇಬಲ್ಲಿನ ಆ ಕಡೆ ಅವನು, ಪ್ರಾಣಿಗಳ ಡಾಕ್ಟರು. ಈ ಕಡೆ ನಾನು, ಪಿಎಚ್‌ಡಿ ವಿದ್ಯಾರ್ಥಿನಿ. ಮೊಲದ ಅಂಡನಾಳವನ್ನು ಟ್ರೇನಲ್ಲಿಟ್ಟು ನನ್ನ ಕಡೆ ತಳ್ಳುವನು, "ಹದಿನೇಳು" ಅಂತ ನಂಬರ್ ಹೇಳುವನು, ಅಷ್ಟೇ. ನಾನು ನಾಳವನ್ನು ತುಂಡು ತುಂಡಾಗಿ ತೊಳೆದು, ಅಂಡಾಣು ಎಲ್ಲಿವರೆಗೆ ಬಂದಿದೆ ಅಂತ ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತಿದ್ದೆ.

ಅವನಿಗೆ ನಾನಿಟ್ಟ ಹೆಸರು ಗುಮ್ಮನಗುಸ್ಕ.

ಮೊದಲು ಹಾಗಿರಲಿಲ್ಲ ಕಣ್ರೀ. ಕ್ಯಾಂಟೀನಿನಲ್ಲಿ ನಾನು ಹರಟಿದ್ದೇ ಹರಟಿದ್ದು, ಅವನು ನಕ್ಕಿದ್ದೇ ನಕ್ಕಿದ್ದು. ಕೆನ್ನೆಯಲ್ಲಿ ಗುಳಿ ಬೇರೆ.

"ಸಿಂಪಥೆಟಿಕ್ ನರಗಳು ಅಂಡನಾಳನ ಬಿಗಿ ಹಿಡ್ಕೊಂಡಿರ್ತವೆ ಡಾಕ್ಟ್ರೇ. ಆ ನರ ಸತ್ರೆ ಅಂಡಾಣು ಹೊತ್ತಿಗೆ ಮುಂಚೆ ಗರ್ಭಕೋಶಕ್ಕೆ ಜಾರಿಬಿಡುತ್ತೆ. ನೋಡ್ತಿರಿ!" ಅಂದಿದ್ದೆ. ಪ್ರೀತಿ ಹುಟ್ಟಿದ್ದೂ ಅವತ್ತೇ, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಗೈಡ್ ಮೇಡಂ ಅವನ ಕೈಗೆ ಪಟ್ಟಿ ಕೊಟ್ಟರು. ಅರ್ಧ ಮೊಲಗಳಿಗೆ ನರ ಸಾಯಿಸುವ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅನ್ನೋದು ಎಣಿಸುವ ನನಗೆ ಗೊತ್ತಾಗಬಾರದು. ಗೊತ್ತಾದರೆ ನನಗೆ ಬೇಕಾದ್ದೇ ಕಣ್ಣಿಗೆ ಕಾಣುತ್ತದೆ. ಅವತ್ತಿನಿಂದ ಗುಳಿಯೂ ಇಲ್ಲ, ಮಾತೂ ಇಲ್ಲ.

"ನೀನೇನೋ ಬಾಯಿಗೆ ಬಂದಿದ್ದು ಅಂದಿರ್ತೀಯ," ಅಂತ ಅಕ್ಕ ಫೋನಲ್ಲಿ ಬೈದಳು. "ಕೇಳೇ ಬಿಡೇ."

"ಇವತ್ತೇ ಕೊನೆ ದಿನ ಅಕ್ಕ. ನಾಳೆಯಿಂದ ಅವನು ಬೇರೆ ವಿಭಾಗಕ್ಕೆ ಹೋಗ್ತಾನೆ."

ಮಧ್ಯಾಹ್ನ ಪಟ್ಟಿ ಬಿಚ್ಚಿದರು. ಗೈಡ್ ಮೇಡಂ ನನ್ನ ಎಣಿಕೆಯ ಪಕ್ಕ ಒಂದೊಂದೇ ನಂಬರ್ ಹೊಂದಿಸುತ್ತಾ ಹೋದರು. ನರ ಇದ್ದ ಮೊಲಗಳಲ್ಲಿ ಅಂಡಾಣು ಗರ್ಭಕೋಶ ಮುಟ್ಟಿದ್ದು ಮೂರನೇ ದಿನ. ನರ ಸತ್ತ ಮೊಲಗಳಲ್ಲೂ ಮೂರನೇ ದಿನವೇ. ಒಂದೂ ಅವಸರ ಮಾಡಿರಲಿಲ್ಲ.

"ನಿನ್ನ ಊಹೆ ತಪ್ಪು. ಪ್ರಯೋಗ ಸರಿಯಾಗಿದೆ. ಹೆಂಗಿದೆಯೋ ಹಂಗೇ ಬರಿ," ಅಂದು ಅವರು ಎದ್ದುಹೋದರು.

ಮೂರು ವರ್ಷದ ಕೆಲಸ! ಎಣಿಕೆಯ ಪುಸ್ತಕದ ಮೇಲೆ ಕಣ್ಣೀರು ಬಿತ್ತು. ತಲೆ ಎತ್ತಿದರೆ ಅವನು ನನ್ನನ್ನೇ ನೋಡುತ್ತಿದ್ದಾನೆ, ನೆಟ್ಟಗೆ. ಮೈಯೆಲ್ಲ ಉರಿದುಹೋಯ್ತು.

"ಈಗ ನೋಡ್ತೀರಾ? ಸೋತಿದ್ದು ನೋಡೋಕಾ?"

"ಅಯ್ಯಯ್ಯೋ, ಇಲ್ಲ ರೀ. ನೀವೇ ತಾನೆ ಅವತ್ತು ಕ್ಯಾಂಟೀನಲ್ಲಿ ಹೇಳಿದ್ದು? 'ನಿಮ್ಮ ಮುಖ ನೋಡಿದ್ರೆ ಸಾಕು ಡಾಕ್ಟ್ರೇ, ಮನಸ್ಸಲ್ಲಿರೋದೆಲ್ಲ ಗೊತ್ತಾಗಿಬಿಡುತ್ತೆ' ಅಂತ. ಆಮೇಲೆ ಪಟ್ಟಿ ನನ್ನ ಕೈಗೇ ಬಂತು. ನನ್ನ ಮುಖದಿಂದ ನಿಮ್ಮ ಎಣಿಕೆ ಕೆಡಬಾರದು ಅಂತ..."

"ಅದಕ್ಕೆ ನಾಲ್ಕು ತಿಂಗಳಾ?"

"ನೂರಿಪ್ಪತ್ತೊಂದು ದಿನ."

ತಮಾಷೆಗೆ ಅಂದ ಮಾತು ಕಣ್ರೀ ಅದು! ಈ ಪುಣ್ಯಾತ್ಮ ಅದನ್ನ ಲ್ಯಾಬಿನ ನಿಯಮ ಮಾಡಿಕೊಂಡು ಕೂತಿದ್ದ. ಅಳುವಿನ ಮಧ್ಯೆ ನಗು ಬಂತು. ಮೂಗು ಒರೆಸಿಕೊಂಡೆ.

"ಪಟ್ಟಿ ಬಿಚ್ಚಾಯ್ತಲ್ಲ. ಮನಸ್ಸಲ್ಲಿ ಇನ್ನೇನಿದೆ?"

"ಮುಖ ನೋಡಿ ನೀವೇ ಹೇಳಿ."

"ನನ್ನ ಊಹೆ ಎಷ್ಟು ಚೆನ್ನಾಗಿರುತ್ತೆ ಅಂತ ಈಗಷ್ಟೇ ನೋಡಿದ್ರಲ್ಲ. ಬಾಯಿಬಿಟ್ಟು ಹೇಳಿ."

ಅವನು ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿದ.

"ನೀವಂದ್ರೆ ನಂಗೆ ತುಂಬ ಇಷ್ಟ. ಪಟ್ಟಿ ಕೈಗೆ ಬರೋದಕ್ಕೆ ಮುಂಚಿನಿಂದ್ಲೂ."

ನಾನು ಪೆನ್ನು ತೆಗೆದೆ. "ಬರ್ಕೊಳ್ಲಾ?"

"ಹೆಂಗಿದೆಯೋ ಹಂಗೇ ಬರೀರಿ," ಅಂದ. ಗುಳಿ ಬಿತ್ತು.

ಪೆನ್ನು ಕೆಳಗಿಟ್ಟು ಅವನ ಕೈ ಹಿಡಿದೆ.