ಪ್ರಾಕ್ಟೀಸ್ ನೋಡಲು ಬರುವ ಹುಡುಗಿ

“ಯಾವ ಟೀಮ್ ಕಳಿಸಿದ ಗೂಢಚಾರಿಣಿ ರೀ ನೀವು?”

ನವ್ಯಾ ಬೆಚ್ಚಿ ಫೋನ್ ಕೆಳಗಿಳಿಸಿದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಮೈತುಂಬ ಕೆಸರು ಮೆತ್ತಿಕೊಂಡ ಹುಡುಗ ಎದುರಿಗೆ ನಿಂತಿದ್ದ. ಪರದೇಶದ ಕಿಂಗ್ಸ್‌ಬರಿಯ ಆ ಮೈದಾನದಲ್ಲಿ ಕನ್ನಡ ಕೇಳಿದ್ದೇ ಅವಳಿಗೆ ಆಶ್ಚರ್ಯ.

“ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?”

“ಬಾಲ್ ನನ್ನ ಕಡೆ ಬರ್ತಿದ್ದಾಗ ‘ಹಿಡ್ಕೋ ಮಾರಾಯಾ!’ ಅಂತ ಕೂಗಿದ್ದು ಯಾರು? ಅದನ್ನ ಕೇಳಿ ಬೆಚ್ಚಿಬಿದ್ದೇ ನಾನು ಬಾಲ್ ಬಿಟ್ಟಿದ್ದು.”

“ನಾನು ನಿಮ್ಮದೇ ಟೀಮಿನ ಫ್ಯಾನ್,” ಎಂದಳು ನವ್ಯಾ, ಕಿವಿಯವರೆಗೂ ಕೆಂಪಾಗಿ.

“ಪ್ರಾಕ್ಟೀಸಿಗೂ ಫ್ಯಾನಾ?” ಅವನ ತುಟಿ ನಗಲಿಲ್ಲ, ಕಣ್ಣುಗಳು ನಕ್ಕವು.

ಹೌದು, ಪ್ರಾಕ್ಟೀಸಿಗೂ. ಉಡುಪಿಯಿಂದ ಓದಲು ಬಂದ ಮೊದಲ ವರ್ಷ, ಮಾತಾಡಲು ಯಾರೂ ಸಿಗದ ಒಂದು ಮಧ್ಯಾಹ್ನ, ಗದ್ದಲದ ಜಾಡು ಹಿಡಿದು ಅವಳು ತನ್ನ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ಪ್ರಾಕ್ಟೀಸಿಗೆ ಹೋಗಿದ್ದಳು. ಯಾರೋ ಪಕ್ಕಕ್ಕೆ ಸರಿದು ಜಾಗ ಕೊಟ್ಟಿದ್ದರು. ಅಷ್ಟೇ ಸಾಕಾಗಿತ್ತು. ಓದು ಮುಗಿದು ವೆಂಬ್ಲಿಯಲ್ಲಿ ಕೆಲಸ ಸಿಕ್ಕ ಮೇಲೂ ಸೀಸನ್ ಬಂತೆಂದರೆ ಅವಳ ಕಾಲು ಆ ಮೈದಾನದತ್ತಲೇ. ಮ್ಯಾಚಿನಲ್ಲಿ ಎಲ್ಲರೂ ಗೆಲುವು ನೋಡುತ್ತಾರೆ. ಬಿದ್ದವನು ಎದ್ದು, ತಪ್ಪಿದ್ದನ್ನೇ ಮತ್ತೆ ಮತ್ತೆ ಮಾಡುವುದು ಕಾಣುವುದು ಪ್ರಾಕ್ಟೀಸಿನಲ್ಲಿ ಮಾತ್ರ.

ಅವನ ಹೆಸರು ಶಿಶಿರ್. ಮೈಸೂರಿನವನು, ಮಾಸ್ಟರ್ಸ್ ಓದುತ್ತಿದ್ದ. ಆಮೇಲಿನ ಶನಿವಾರಗಳಲ್ಲಿ ಪ್ರಾಕ್ಟೀಸ್ ಮುಗಿದೊಡನೆ ಇಬ್ಬರೂ ಈಲಿಂಗ್ ರೋಡಿನ ಒಂದು ಅಂಗಡಿಯಲ್ಲಿ ಚಹಾ ಕುಡಿಯತೊಡಗಿದರು.

“ಇವತ್ತು ಎಷ್ಟು ಮಾರ್ಕ್ಸ್?”

“ಓಟಕ್ಕೆ ಪಾಸ್. ಮಧ್ಯೆ ಮಧ್ಯೆ ನನ್ನ ಕಡೆ ನೋಡಿದ್ದಕ್ಕೆ ಫೇಲ್.”

“ಅದನ್ನ ಎಣಿಸೋಕೆ ನೀವೂ ನನ್ನನ್ನೇ ನೋಡ್ತಿರಬೇಕಲ್ಲ?”

ನವ್ಯಾ ಕಪ್ಪಿನ ಅಂಚಿನ ಮೇಲಿಂದ ಒಮ್ಮೆ ನೋಡಿ, ಸಿಕ್ಕಿಬಿದ್ದವಳಂತೆ ಕಣ್ಣು ತಗ್ಗಿಸಿದಳು.

ಸೀಸನ್ನಿನ ಕೊನೆಯ ಮ್ಯಾಚ್ ಹತ್ತಿರವಾದಾಗ ಅದು ನಡೆಯಿತು. ಪ್ರಾಕ್ಟೀಸಿನಲ್ಲಿ ಚೆಂಡಿಗಾಗಿ ನೆಗೆದ ಶಿಶಿರನ ತಲೆಗೆ ಎದುರಿನವನ ಹೆಲ್ಮೆಟ್ ಬಡಿಯಿತು. ಕೋಚ್ ಆಗ ಇನ್ನೊಂದು ತುದಿಯಲ್ಲಿದ್ದ. ಶಿಶಿರ್ ಎದ್ದ, ಹೆಬ್ಬೆರಳು ತೋರಿಸಿದ, ಆಟ ಮುಂದುವರಿಸಿದ.

ಚಹಾದಂಗಡಿಯಲ್ಲಿ ಅವನು ಕೇಳಿದ, “ನಿಮ್ಮಮ್ಮ ಊರಿಂದ ಯಾವಾಗ ಬರ್ತಾರೆ?”

“ಮುಂದಿನ ತಿಂಗಳು.”

ಚಹಾ ಬಂತು. ಕಿಟಕಿಯ ಬೆಳಕಿಗೆ ಅವನು ಹಣೆಗೆ ಕೈ ಅಡ್ಡ ಹಿಡಿದ. “ಅಂದ ಹಾಗೆ, ಅಮ್ಮ ಯಾವಾಗ ಬರ್ತಾರೆ?”

ನವ್ಯಾ ಕಪ್ಪು ಕೆಳಗಿಟ್ಟಳು. “ಶಿಶಿರ್, ತಲೆಗೆ ಪೆಟ್ಟಾಗಿದೆ. ಡಾಕ್ಟರ್ ಹತ್ರ ಹೋಗೋಣ.”

“ಹೋದ್ರೆ ಆಡೋಕೆ ಬಿಡಲ್ಲ. ಇದೇ ನನ್ನ ಕೊನೇ ಮ್ಯಾಚ್. ಆಮೇಲೆ ಕೆಲಸ, ವೀಸಾ ಅಂತ ಓಡಾಟವೇ ಆಯ್ತು. ಪ್ಲೀಸ್, ಯಾರಿಗೂ ಹೇಳ್ಬೇಡಿ.” ಅವನು ಮೊದಲ ಸಲ ಅವಳ ಕೈ ಹಿಡಿದ. ಎಷ್ಟು ದಿನದಿಂದ ಬಯಸಿದ್ದ ಕೈ! ಬಿಡಿಸಿಕೊಳ್ಳಲೂ ಆಗಲಿಲ್ಲ, ಮಾತು ಕೊಡಲೂ ಆಗಲಿಲ್ಲ.

ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಫೋನ್ ಮಾಡಿ ಬೇಡಿಕೊಂಡಳು, ಗದರಿದಳು. “ಐ ಆಮ್ ಫೈನ್,” ಎಂಬುದೊಂದೇ ಉತ್ತರ. ಮುಂದಿನ ಪ್ರಾಕ್ಟೀಸಿನಲ್ಲಿ ಅವನು ಬೂಟಿನ ಲೇಸ್ ಕಟ್ಟಲು ಬಗ್ಗಿದವನು ತೂರಾಡಿ ಬೇಲಿ ಹಿಡಿದುಕೊಂಡ. ಆಮೇಲೂ ಹೆಲ್ಮೆಟ್ ಎತ್ತಿಕೊಂಡ. ನವ್ಯಾ ಇನ್ನು ತಡೆಯಲಿಲ್ಲ. ಮೈದಾನಕ್ಕೆ ನುಗ್ಗಿ ಕೋಚ್ ಮುಂದೆ ನಿಂತು, ಏದುಸಿರಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

ಕೋಚ್ ಶಿಶಿರನನ್ನು ಆಗಲೇ ಹೊರಗೆ ಕೂರಿಸಿ, ಆಸ್ಪತ್ರೆಗೆ ಕರೆದೊಯ್ಯಲು ಒಬ್ಬನನ್ನು ಜೊತೆ ಮಾಡಿದ.

ಹೊರಡುವಾಗ ಶಿಶಿರ್ ಅವಳ ಬಳಿ ನಿಂತ. “ನೀವು ನನ್ನ ಕಡೆಯವರು ಅಂದ್ಕೊಂಡಿದ್ದೆ,” ಎಂದ.

“ನಿಮ್ಮ ಕಡೆಯವಳಾಗಿದ್ದಕ್ಕೇ...” ಎಂದು ಅವಳು ಶುರುಮಾಡುವಷ್ಟರಲ್ಲಿ ಅವನು ನಡೆದುಬಿಟ್ಟಿದ್ದ.

ಆಮೇಲೆ ಅವನು ಫೋನ್ ಎತ್ತಲಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಪ್ರಾಕ್ಟೀಸಿನಲ್ಲಿ ಉಳಿದ ಹುಡುಗರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆದರೂ ಅವಳು ಹೋದಳು. ತನ್ನ ಟೀಮು, ಬಿಟ್ಟು ಎಲ್ಲಿಗೆ ಹೋಗುವುದು?

ಮ್ಯಾಚಿನ ದಿನ ಅರ್ಧ ಆಟ ಮುಗಿದಿತ್ತು. ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಶಿಶಿರ್, ಮಾಮೂಲಿ ಜಾಕೆಟ್ಟಿನಲ್ಲಿ. ಮುಖ ಬಿಳಿಚಿತ್ತು. ಇಬ್ಬರೂ ಆಟ ನೋಡಿದರು. ಟೀಮ್ ಸೋತಿತು. ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ವಾಸಿ ಆಗೋ ಮುಂಚೆ ಇನ್ನೊಂದು ಪೆಟ್ಟು ಬಿದ್ದಿದ್ರೆ ಉಳೀತಿದ್ದೆ ಅಂತ ಹೇಳೋಕಾಗಲ್ಲ ಅಂದ್ರು ಡಾಕ್ಟರ್,” ಎಂದ ಕೊನೆಗೆ. “ಆದ್ರೂ ನನ್ನ ಕೋಪ ಹೋಗಿಲ್ಲ.”

“ಇರಲಿ. ಕೋಪ ಮಾಡ್ಕೊಳ್ಳೋಕಾದ್ರೂ ನೀವು ಇದ್ದೀರಲ್ಲ. ನನಗೆ ಅಷ್ಟೇ ಬೇಕಾಗಿತ್ತು. ಆಟಕ್ಕಿಂತ, ಟೀಮಿಗಿಂತ ನೀವೇ ಹೆಚ್ಚಾಗಿಬಿಟ್ಟಿದ್ರಿ ನನಗೆ. ಹೇಳೋಕೆ ಸರಿಯಾದ ದಿನವೇ ಸಿಗಲಿಲ್ಲ.”

ಮೈದಾನ ಖಾಲಿಯಾಗುತ್ತಿತ್ತು. ಶಿಶಿರ್ ಅವಳ ಕಡೆ ತಿರುಗಿದ.

“ಇವತ್ತು ಮನೆಯಿಂದ ಹೊರಟಾಗ ಮ್ಯಾಚಿಗೆ ಹೋಗ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ,” ಎಂದ. “ಇಲ್ಲಿಗೆ ಬಂದ ಮೇಲೆ ನೋಡಿದ್ರೆ, ಕಣ್ಣು ಹುಡುಕಿದ್ದು ನಿನ್ನನ್ನ.”

ನಿನ್ನನ್ನ. ಇಷ್ಟು ದಿನ ‘ನೀವು’ ಎನ್ನುತ್ತಿದ್ದವನ ಬಾಯಲ್ಲಿ ಬಂದ ಆ ಏಕವಚನವನ್ನು ನವ್ಯಾ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

“ಕೋಪ?” ಎಂದಳು, ಅವನನ್ನು ನೋಡಲಾರದೆ.

“ಇದೆ,” ಎಂದ ಅವನು, ಅವಳ ತಣ್ಣಗಾದ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಳ್ಳುತ್ತ. “ಅದು ಹೋಗೋವರೆಗೂ ಜೊತೇಲಿರು.”