ಏಳನೇ ಇನ್ನಿಂಗ್ಸಿನಲ್ಲಿ ಸಾಯುವ ರೇಡಿಯೋ

ಕಂಬದ ತುದಿಯಲ್ಲಿ ನಾನು. ಬುಡದಲ್ಲಿ ನಾಯಿ. ನಾಯಿಯ ಹಿಂದೆ ಇಬ್ಬರು. ಒಬ್ಬನ ಕೈಯಲ್ಲಿ ಕಬ್ಬು ಕಡಿಯುವ ಮಚ್ಚು, ಇನ್ನೊಬ್ಬನ ಕೈಯಲ್ಲಿ ಬಂದೂಕು.

"ಯಾವನೋ ಅವ್ನು ಮೇಲೆ?"

"ಕರೆಂಟಿನವ್ನು ಕಣಣ್ಣಾ," ಎಂದೆ.

"ಸುಳ್ಳು ಬೊಗಳ್ಬೇಡ. ಈ ಊರಲ್ಲಿ ಕರೆಂಟಿನವ್ನು ಕಂಬ ಹತ್ತಿದ್ದು ನಮ್ಮಪ್ಪನೂ ನೋಡಿಲ್ಲ."

ಅವನು ಹೇಳಿದ್ದು ಸರಿ. ಸುಳ್ಳು ಹೇಳುವಾಗ ನಂಬುವಂಥದ್ದನ್ನು ಹೇಳಬೇಕು.

ಬಂದೂಕು ಮೇಲೆದ್ದಿತು. ನಾನು ಕೈಬಿಟ್ಟೆ. ಪಕ್ಕದ ಕೋಳಿಗೂಡಿನ ತಗಡಿನ ಮೇಲೆ ಬಿದ್ದೆ... ತಗಡು ಮುರಿಯಿತು. ಗೂಡಿನ ಬಾಗಿಲು ಒದ್ದು ಹೊರಗೆ ಬಂದವನೇ ಓಟ ಕಿತ್ತೆ. ಗುಂಡೊಂದು ಕಿವಿಯ ಪಕ್ಕ ಹಾದು ಯಾರದೋ ನೀರಿನ ಡ್ರಮ್ಮಿಗೆ ಹೊಡೆಯಿತು.

ಮೀನು ಪೇಟೆ ದಾಟಿದೆ. ಚರ್ಚಿನ ಹಿತ್ತಲು ದಾಟಿದೆ. ಹಿಂದೆ ಇಬ್ಬರ ಹೆಜ್ಜೆ ಸದ್ದು ಹತ್ತಿರವಾಗುತ್ತಿತ್ತು. ಮೂಲೆಯ ಅಂಗಡಿ ಬಂತು. ಅಂಗಡಿಯಲ್ಲಿ ರೇಡಿಯೋ.

"...ಮೂರೂ ಬೇಸ್ ತುಂಬಿವೆ! ಇಬ್ಬರು ಔಟ್! ಏಡಿಗಳ ಕೊನೆಯ ಆಸೆ..."

ನಾನು ನಿಂತೆ. ಅವರಿಬ್ಬರೂ ನನ್ನ ಪಕ್ಕಕ್ಕೆ ಬಂದು ನಿಂತರು. ಏದುಸಿರು ಬಿಡುತ್ತಾ ಮೂವರೂ ಕೇಳಿದೆವು. ನಮ್ಮ ಊರಿನ ಬೇಸ್‌ಬಾಲ್ ಟೀಮು ಏಡಿಗಳು. ಇದು ಸೆಮಿಫೈನಲ್. ಗೆದ್ದರೆ ಫೈನಲ್ ಮರುದಿನ, ನಮ್ಮದೇ ಮೈದಾನದಲ್ಲಿ.

ಚೆಂಡು ಬಂತು. ಬ್ಯಾಟು ಬೀಸಿತು. ಚೆಂಡು ಗೋಡೆ ದಾಟಿತು, ಗೆದ್ದೆವು!

ಮಚ್ಚಿನವನು ನನ್ನನ್ನು ತಬ್ಬಿಕೊಂಡ. ಬಂದೂಕಿನವನು ಕಣ್ಣು ಒರೆಸಿಕೊಂಡ. ಆಮೇಲೆ ಮೂವರಿಗೂ ನೆನಪಾಯಿತು. ನಾನು ಮತ್ತೆ ಓಡಿದೆ.

ಇಷ್ಟಕ್ಕೂ ಕಂಬ ಯಾಕೆ ಹತ್ತಿದ್ದೆ ಅಂತೀರಾ? ಹೇಳುತ್ತೇನೆ ಕೇಳಿ.

ನಾನು ಚೇಲೋ. ಬೋಕಾ ಸೆಕಾ ಎಂಬ ಈ ಬಂದರು ಊರಿನಲ್ಲಿ ಪೊಲೀಸರಿಗೆ ಹೇಳಲಾಗದ್ದನ್ನು ಜನ ನನಗೆ ಹೇಳುತ್ತಾರೆ. ಕದ್ದುಹೋದ ಪಂದ್ಯದ ಹುಂಜ, ಕಾಣೆಯಾದ ಗಂಡ, ಎರಡನ್ನೂ ಹುಡುಕಿ ಕೊಡುತ್ತೇನೆ. ಹುಂಜ ಸಿಕ್ಕಾಗ ಸಂತೋಷ ಹೆಚ್ಚು.

ಮೊನ್ನೆ ನನ್ನನ್ನು ಕರೆಸಿದವನು ದೋನ್ ಫುಲ್ವಿಯೋ, ಅಂದರೆ ಫುಲ್ವಿಯೋ ಸಾಹೇಬ. ಮೇಯರ್ ಚುನಾವಣೆಗೆ ನಿಂತವನು. ಅವನ ಘೋಷಣೆ ಊರಿನ ಗೋಡೆಗಳಲ್ಲೆಲ್ಲ ಇದೆ: ಫುಲ್ವಿಯೋ ಬಂದ, ಬೆಳಕು ತಂದ. ಹಗಲೂ ರಾತ್ರಿ ಕರೆಂಟು ಕೊಡುತ್ತೇನೆ ಎನ್ನುವುದು ಅವನ ಮಾತು.

ಊರಿನ ಮೈದಾನದಲ್ಲಿ ಪಂದ್ಯ ನಡೆದಾಗಲೆಲ್ಲ ಏಳನೇ ಇನ್ನಿಂಗ್ಸಿನ ಬಿಡುವಿನಲ್ಲಿ ರೇಡಿಯೋದಲ್ಲಿ ಅವನ ಜಾಹೀರಾತು. ಆ ಹೊತ್ತಿಗೆ ಊರಿಗೆ ಊರೇ ಕೇಳುತ್ತಿರುತ್ತದೆ. ಮೈದಾನದಲ್ಲಿ ಕೂತವರೂ ಕಿವಿಗೆ ರೇಡಿಯೋ ಒತ್ತಿಕೊಂಡಿರುತ್ತಾರೆ. ಕಣ್ಣೆದುರಿಗೆ ಚೆಂಡು ಗೋಡೆ ದಾಟಿದರೂ ರೇಡಿಯೋ ವಿವರಣೆಗಾರ ದೋನ್ ಅಬುಂದಿಯೋ ಬಾಯಲ್ಲಿ "ಹೋಮ್ ರನ್" ಬರುವ ತನಕ ನಮ್ಮ ಜನ ಚಪ್ಪಾಳೆ ತಟ್ಟುವುದಿಲ್ಲ.

ಆ ಜಾಹೀರಾತು ಹೀಗೆ ಶುರುವಾಗುತ್ತದೆ: "ಫುಲ್ವಿಯೋ ಬಂದ, ಬೆಳಕು..."

ಅಷ್ಟೇ. ರೇಡಿಯೋ ಗೊಟಕ್!

ಪ್ರತಿ ಸಲವೂ ಅದೇ ಜಾಗದಲ್ಲಿ. ಎಂಟನೇ ಇನ್ನಿಂಗ್ಸ್ ಅರ್ಧ ಮುಗಿದ ಮೇಲೆ ಜೀವ ಬರುತ್ತಿತ್ತು. ಒಂದು ಸಲ ಆ ಮೌನದಲ್ಲಿ ನಮ್ಮವರು ಗೆಲುವು ತಂದ ಹೋಮ್ ರನ್ ಹೊಡೆದುಬಿಟ್ಟಿದ್ದರು. ಮೈದಾನದಲ್ಲಿದ್ದವರೇ ಮನೆಗೆ ಹೋಗಿ, "ಏನಾಯ್ತು?" ಎಂದು ಹೆಂಡಂದಿರನ್ನು ಕೇಳಿದರು. ಪೇಟೆಯ ಮಕ್ಕಳು ಕರೆಂಟು ಹೋದಾಗಲೆಲ್ಲ "ಫುಲ್ವಿಯೋ ಬಂದ" ಎಂದು ಕೂಗುವುದನ್ನು ಕಲಿತರು.

"ಇದು ಪಿತೂರಿ ಚೇಲೋ," ಎಂದ ಫುಲ್ವಿಯೋ. ಕತ್ತಿನ ನರ ಉಬ್ಬಿತ್ತು. "ಬೇಕಂತ್ಲೇ ಯಾರೋ ಕತ್ತರಿಸ್ತಿದಾರೆ. ಯಾರು ಅಂತ ಹುಡುಕು. ಫೈನಲ್ ದಿನ ರೇಡಿಯೋ ಒಂದು ಕ್ಷಣ ನಿಲ್ಲಬಾರದು."

"ಸಿಗದಿದ್ರೆ?"

"ಸಿಕ್ಕೇ ಸಿಗ್ತಾರೆ. ರೇಡಿಯೋ ನಿಲಯದ ಯಂತ್ರ ಮುಟ್ಟೋಳು ಒಬ್ಳೇ. ಯಾನಿರಾ. ನೀನು ಬೇರೆ ಯಾರನ್ನೂ ತರದಿದ್ರೆ ಪಂದ್ಯ ಮುಗಿದ ಮೇಲೆ ಅವಳು ಕರ್ನಲ್ ಪಾಲು."

ಕರ್ನಲ್ ಉಬಾಲ್ದೋ ನಮ್ಮ ಠಾಣೆಯ ದೊರೆ. ಅವನ ಠಾಣೆಯೊಳಕ್ಕೆ ನಡೆದುಕೊಂಡು ಹೋದವರು ಕುಂಟಿಕೊಂಡು ಬರುತ್ತಾರೆ. ಕೆಲವರು ಬರುವುದೇ ಇಲ್ಲ.

ನೇರ ಯಾನಿರಾ ಹತ್ತಿರ ಹೋದೆ. ರೇಡಿಯೋ ನಿಲಯ ಮೈದಾನದ ಗೋಡೆಗೆ ಅಂಟಿಕೊಂಡೇ ಇದೆ, ವೀಕ್ಷಕ ವಿವರಣೆಯ ಗೂಡು ಅದರ ಮಹಡಿಯಲ್ಲಿ. ಅವಳು ನೆಲದ ಮೇಲೆ ಕೂತು ವೈರು ಬೆಸೆಯುತ್ತಿದ್ದಳು. ಬಾಯಲ್ಲಿ ಸ್ಕ್ರೂ.

"ನೀನೇ ಕೆಡಿಸ್ತಿದೀಯ ಅಂತಾರೆ," ಎಂದೆ.

"ಕೆಡಿಸೋಕೆ ಇಲ್ಲಿ ಏನು ನೆಟ್ಟಗಿದೆ ಮಾರಾಯ?" ಸ್ಕ್ರೂ ಉಗಿದಳು. "ಫ್ಯೂಸ್ ಬದಲಾಯಿಸ್ದೆ. ಕೇಬಲ್ ಬದಲಾಯಿಸ್ದೆ. ಮೈಕು ಬದಲಾಯಿಸ್ದೆ. ಇನ್ನು ಉಳಿದಿರೋದು ಅಬುಂದಿಯೋ ಒಬ್ನೇ."

ಮೂಲೆಯಲ್ಲಿ ಗಂಟಲಿಗೆ ಜೇನು ಸುರಿದುಕೊಳ್ಳುತ್ತಿದ್ದ ದೋನ್ ಅಬುಂದಿಯೋ ಕೇಳಿಸದವನಂತೆ ಕೂತ. ಮೈಕು ಸತ್ತಾಗಲೂ ಮಾತು ನಿಲ್ಲಿಸದ ಮಹಾನುಭಾವ ಅವನು. ತನಗೆ ತಾನೇ ಕೇಳಿಸುತ್ತಿದ್ದರೆ ಅವನಿಗೆ ಸಾಕು.

"ಜನರೇಟರ್ ಇತ್ತಲ್ಲ?"

"ರೇಡಿಯೋ ಓನರ್ ಮನೆ ಏಸಿಗೆ ಹೋಯ್ತು. ಚೇಲೋ, ತಪ್ಪು ಒಳಗಿಲ್ಲ. ಆ ಹೊತ್ತಿಗೆ ಹೊರಗಿಂದ ಬರೋ ಕರೆಂಟೇ ಕುಸೀತದೆ. ಯಂತ್ರ ಮೂರ್ಛೆ ಹೋಗ್ತದೆ. ಮತ್ತೆ ಎಬ್ಬಿಸೋಕೆ ಅಷ್ಟು ಹೊತ್ತು ಬೇಕು." ಅವಳು ತಲೆ ಎತ್ತಿದಳು. "ನನ್ನನ್ನ ಹಿಡ್ಕೊಂಡು ಹೋಗ್ತಾರಾ?"

ಕೈಯಲ್ಲಿದ್ದ ವೈರು ಕೆಳಗಿಟ್ಟಳು.

"ಹೊರಗೆ ನಾನು ನೋಡ್ತೀನಿ," ಎಂದೆ.

ಹಾಗಾಗಿ ಕಂಬ ಹತ್ತಿದೆ. ನಮ್ಮೂರಿನಲ್ಲಿ ಕಂಬಕ್ಕೆ ತಂತಿ ಸಿಕ್ಕಿಸಿಕೊಳ್ಳುವುದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಪಕ್ಕದ ಮನೆಯಿಂದ ಹಿಡಿ ಉಪ್ಪು ತಂದಂತೆ ಅದು. ರೇಡಿಯೋ ನಿಲಯದ ಕಂಬದಲ್ಲಿ ತಂತಿಗಳ ಗೂಡೇ ಇತ್ತು. ಹೆಚ್ಚಿನವು ಮನೆಗಳಿಗೆ ಹೋಗುವ ಸಣ್ಣ ದಾರಗಳು. ಒಂದು ಮಾತ್ರ ಹೆಬ್ಬೆರಳು ದಪ್ಪ. ಕಪ್ಪು, ಹೊಸದು. ಅದರ ಬೆನ್ನು ಹಿಡಿದು ಕಣ್ಣು ಓಡಿಸಿದೆ... ಅದು ಫುಲ್ವಿಯೋನ ಪಾರ್ಟಿ ಆಫೀಸಿನ ಅಂಗಳಕ್ಕೆ ಇಳಿದಿತ್ತು.

ಅಂಗಳದಲ್ಲಿ ಸ್ಪೀಕರುಗಳ ಲಾರಿ. ಅದರ ಮೇಲೆ ಬಲ್ಬುಗಳಿಂದಲೇ ಮಾಡಿದ ಫುಲ್ವಿಯೋನ ಮುಖ, ಮನೆಯಷ್ಟು ದೊಡ್ಡದು.

ಅರ್ಥವಾಯಿತಾ? ಜಾಹೀರಾತು ಶುರುವಾದೊಡನೆ ಊರಿಗೆಲ್ಲ ಕೇಳಲಿ ಎಂದು ಅವನ ಜನ ಲಾರಿಯ ಸ್ಪೀಕರಿಗೆ ರೇಡಿಯೋ ಕೊಟ್ಟು, ಬಲ್ಬಿನ ಮುಖ ಹೊತ್ತಿಸುತ್ತಿದ್ದರು. ಲಾರಿ ಉಂಡಿತು, ರೇಡಿಯೋ ಉಪವಾಸ ಬಿತ್ತು. ಫುಲ್ವಿಯೋನ ಬಾಯಿ ಮುಚ್ಚಿಸುತ್ತಿದ್ದವನು ಸ್ವತಃ ಫುಲ್ವಿಯೋ!

ಆಗಲೇ ಕೆಳಗೆ ಪಾರ್ಟಿ ಆಫೀಸಿನ ನಾಯಿ ಬೊಗಳಿದ್ದು.

ಓಟದ ಕತೆಗೆ ಬರುತ್ತೇನೆ. ಅಂಗಡಿ ದಾಟಿ ತಿರುವು ತೆಗೆದುಕೊಂಡವನು ಒಂದು ಜೀಪಿಗೆ ಡಿಕ್ಕಿ ಹೊಡೆದೆ. ಜೀಪಿನಲ್ಲಿ ಕರ್ನಲ್ ಉಬಾಲ್ದೋ. ಬೆನ್ನಟ್ಟಿ ಬಂದವರಿಗೆ ಅವನು ಒಂದು ಬೆರಳು ತೋರಿಸಿದ. ಅವರು ಹಿಂದಕ್ಕೆ ಹೋದರು.

"ಕಂಬ ಹತ್ತಿದ್ಯಂತೆ."

"ಗಾಳಿ ತಗೊಳ್ಳೋಕೆ, ಕರ್ನಲ್."

"ಏನು ಕಾಣ್ತು?"

"ನಿಮಗೆ ಗೊತ್ತಿರೋದೇ."

ಅವನು ನಕ್ಕ. "ಆ ಕಂಬದಿಂದ ಠಾಣೆಗೂ ಒಂದು ತಂತಿ ಬರ್ತದೆ, ಚೇಲೋ. ಫುಲ್ವಿಯೋ ದಯೆ. ತಂತಿ ವಿಚಾರ ಬಾಯಿ ಬಿಟ್ಟೆಯೋ, ಆ ಹುಡುಗಿ ಜೊತೆ ನೀನೂ ಒಳಗೆ."

"ಅವಳೇನೂ ಮಾಡಿಲ್ಲ."

"ನನಗೂ ಗೊತ್ತು. ಅದಕ್ಕೇನೀಗ? ನಾಳೆ ಪಂದ್ಯ ಮುಗೀಲಿ, ಬರ್ತೀನಿ."

ಜೀಪು ಹೋಯಿತು. ಓನರ್ ಮನೆಗೆ ಹೋದೆ. ವಿಷಯ ಎತ್ತುವ ಮೊದಲೇ, "ನನಗೇನೂ ಹೇಳ್ಬೇಡಪ್ಪ," ಎಂದು ಬಾಗಿಲು ಹಾಕಿಕೊಂಡ. ಪಾದ್ರಿಯ ಹತ್ತಿರ ಹೋದೆ. ಪ್ರಾರ್ಥನೆ ಮಾಡುತ್ತೇನೆ ಎಂದರು.

ಸತ್ಯ ನನ್ನ ಜೇಬಿನಲ್ಲಿತ್ತು. ಕೊಳ್ಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ನಾನೂ ಹೋಗಿ ನಾಲ್ಕು ಜನರ ನಡುವೆ ನಿಂತು ಕೂಗಲಿಲ್ಲ, ನಿಜ. ನನಗೂ ಮೂಳೆಗಳಿವೆ. ಆದರೆ ತಲೆಯೂ ಇದೆ. ರೇಡಿಯೋ ಸತ್ತಾಗಲೆಲ್ಲ ಫುಲ್ವಿಯೋ ಮೆಟ್ಟಿಲು ಹತ್ತಿ ಬಂದು ಹೇಗೆ ಊರನ್ನೆಲ್ಲ ಬೈಯುತ್ತಾನೆ ಎಂದು ಯಾನಿರಾ ಹೇಳಿದ್ದಳು. ಒಂದು ಉಪಾಯ ಹೊಳೆಯಿತು.

ಮೊದಲು ಅಂಗಡಿಗಳಿಗೆ ಹೋದೆ. ರೇಡಿಯೋ ನಿಂತರೆ ಗಿರಾಕಿಗಳೂ ಎದ್ದು ಹೋಗುತ್ತಾರಲ್ಲ, ಆ ಸಿಟ್ಟು ಅವರಿಗಿತ್ತು. ಯಾಕೆ ಎಂದು ಕೇಳದೆ ತಮ್ಮ ಸಾಮಾನು ಲಾರಿಗಳ ಬ್ಯಾಟರಿ ಕಳಚಿ ಕೊಟ್ಟರು. ಯಾನಿರಾ ಅವನ್ನೆಲ್ಲ ಸಾಲಾಗಿ ಜೋಡಿಸಿ ಯಂತ್ರಕ್ಕೆ ಕಟ್ಟಿದಳು. ಮೈಕಿಗೆ ಕಟ್ಟಿದಳು.

"ಫ್ಯಾನಿಗೆ? ಮೈಕು ಚಾಲೂ ಅನ್ನೋ ಕೆಂಪು ದೀಪಕ್ಕೆ?" ಎಂದು ಕೇಳಿದಳು.

"ಅವೆರಡೂ ಕಂಬದ ಕರೆಂಟಲ್ಲೇ ಇರ್ಲಿ."

ಅವಳು ನನ್ನ ಮುಖ ನೋಡಿದಳು. ಮೆಲ್ಲಗೆ ನಗು ಬಂತು. "ಪಾಪಿ," ಎಂದಳು.

ಆಮೇಲೆ ಫುಲ್ವಿಯೋ.

"ದೋನ್ ಫುಲ್ವಿಯೋ, ಜಾಹೀರಾತು ಬೇಡ. ನೀವೇ ಬಂದು ನೇರ ಮಾತಾಡಿ. ನಿಮ್ಮ ಎದುರಿಗೆ ಕತ್ತರಿಸೋ ಧೈರ್ಯ ಯಾರಿಗಿದೆ?"

ಹೊಗಳಿಕೆಗೆ ಅವನ ಕಿವಿ ಯಾವಾಗಲೂ ತೆರೆದೇ ಇರುತ್ತದೆ. ಒಪ್ಪಿದ.

ಫೈನಲ್. ಭಾನುವಾರದ ಇಳಿಬಿಸಿಲು. ಮೈದಾನದಲ್ಲಿ ಸೂಜಿ ಹಾಕಲು ಜಾಗವಿಲ್ಲ. ಏಳನೇ ಇನ್ನಿಂಗ್ಸಿನ ಬಿಡುವು, ಎರಡೂ ಟೀಮು ಸಮ. ಫುಲ್ವಿಯೋ ಬಿಳಿ ಸೂಟಿನಲ್ಲಿ ಗೂಡಿಗೆ ಬಂದ. ಕರ್ನಲ್ ಕೆಳಗಿನ ಸಾಲಿನಲ್ಲಿ ಕೂತಿದ್ದ, ಕಿವಿಗೆ ರೇಡಿಯೋ. ಅವನ ಜೀಪು ಗೇಟಿನ ಹತ್ತಿರ ಸಿದ್ಧವಾಗಿತ್ತು.

ಕೆಂಪು ದೀಪ ಹೊತ್ತಿತು.

"ನನ್ನ ಪ್ರೀತಿಯ ಜನರೇ! ಫುಲ್ವಿಯೋ ಬಂದ, ಬೆಳಕು..."

ಕೆಂಪು ದೀಪ ಆರಿತು. ಫ್ಯಾನು ನಿಂತಿತು.

ಗೂಡಿನಲ್ಲಿ ಉಸಿರಾಡುವ ಸದ್ದು ಮಾತ್ರ. ಅಬುಂದಿಯೋ ಅಭ್ಯಾಸಬಲದಿಂದ ಬಾಯಿ ತೆರೆದ. ನಾನು ಅವನ ಬಾಯಿಗೆ ಕೈ ಒತ್ತಿದೆ.

ಫುಲ್ವಿಯೋ ಮೈಕಿನ ಮುಂದೆಯೇ ಕುರ್ಚಿ ಒದ್ದ. "ಥೂ! ಮತ್ತೆ ಹೋಯ್ತಾ? ಈ ದರಿದ್ರ ಊರಿಗೆ ಬೆಳಕು ಬೇರೆ ಕೇಡು. ಇವಕ್ಕೆ ಮೇಣದಬತ್ತಿ ಕೊಟ್ರೆ ಅದನ್ನೂ ತಿಂತವೆ."

"ಜನರ ಬಗ್ಗೆ ಹಾಗನ್ನಬಹುದಾ, ದೋನ್ ಫುಲ್ವಿಯೋ?" ಎಂದೆ ನಾನು ಸಂಕಟದಿಂದ.

"ಯಾವ ಜನ? ಒಂದು ಬಾಟ್ಲಿ ರಮ್ಮಿಗೆ ಅಪ್ಪನ್ನೇ ಮಾರೋ ಜನ. ಈ ಏಡಿಗಳು ಒಂದು ಟೀಮಾ? ಕುಂಟರ ಮೆರವಣಿಗೆ!"

"ಯಾನಿರಾನ ಏನ್ ಮಾಡೋದು? ಅವಳದ್ದೇನೂ ತಪ್ಪಿಲ್ಲ ಅಂತ ಕಾಣ್ತದೆ."

"ಗೊತ್ತು ಕಣೋ! ಆ ಹೆಂಗಸು ಏನೂ ಮಾಡಿಲ್ಲ ಅಂತ ನನಗೆ ಮೊದ್ಲಿಂದ್ಲೂ ಗೊತ್ತು. ಆದ್ರೆ ಯಾರಾದ್ರೂ ಒಬ್ರು ಬೇಕಲ್ಲ. ಕರ್ನಲ್ ಹಂದಿ ಇದಾನಲ್ಲ, ಹಾಕಿದ್ದು ತಿಂತಾನೆ. ಕದ್ದ ಕರೆಂಟಲ್ಲಿ ನನ್ನ ಲಾರಿ ಓಡ್ತದೆ, ಅವನ ಠಾಣೆನೂ ಓಡ್ತದೆ. ಅವನು ಕೇಳ್ತಾನಾ ಯಾರು ತಪ್ಪು ಮಾಡಿದ್ದು ಅಂತ?"

ಆಗ ಅವನಿಗೆ ಏನೋ ಅನುಮಾನ ಬಂತು. ಮೈದಾನದಲ್ಲಿ ಸದ್ದೇ ಇರಲಿಲ್ಲ. ಆಟಗಾರರು ಕೂಡ ಮೈದಾನಕ್ಕಿಳಿಯದೆ ನಿಂತಿದ್ದರು. ಸಾವಿರಾರು ಮುಖ ಗೂಡಿನ ಕಡೆ ತಿರುಗಿದ್ದವು, ಪ್ರತಿ ಕಿವಿಯಲ್ಲೂ ಒಂದು ರೇಡಿಯೋ. ಪಾರ್ಟಿ ಆಫೀಸಿನ ಅಂಗಳದಿಂದ ಲಾರಿಯ ಸ್ಪೀಕರಿನಲ್ಲಿ ಅವನದೇ ಧ್ವನಿ ಒಂದು ಗಳಿಗೆ ತಡವಾಗಿ ಬರುತ್ತಿತ್ತು. "...ಯಾರು ತಪ್ಪು ಮಾಡಿದ್ದು ಅಂತ..."

ಅವನು ಮೈಕು ನೋಡಿದ. ದೀಪ ನೋಡಿದ. ನನ್ನನ್ನು ನೋಡಿದ.

"ರೇಡಿಯೋ ನಿಲ್ಲಬಾರದು ಅಂದಿದ್ರಲ್ಲ," ಎಂದೆ. "ನಿಲ್ಲಲಿಲ್ಲ."

ಕರ್ನಲ್ ಮೆಟ್ಟಿಲು ಹತ್ತಿ ಬಂದ. ಮುಖ ಬೀಟ್‌ರೂಟಿನಂತಾಗಿತ್ತು. ಯಾನಿರಾ ಎದ್ದು ನಿಂತಳು. ನಾನು ಅವಳ ಮುಂದೆ ಹೋಗಿ ನಿಂತೆ. ಕರ್ನಲ್ ನಮ್ಮಿಬ್ಬರನ್ನೂ ನೋಡಲಿಲ್ಲ. ಫುಲ್ವಿಯೋನ ಬಿಳಿ ಕಾಲರ್ ಹಿಡಿದ.

"ಹಂದಿ ಬಂದಿದೆ," ಎಂದ. "ನಡಿ."

ಮೈಕು ಆಗಲೂ ತೆರೆದೇ ಇತ್ತು. ಮೈದಾನ ಎದ್ದು ಕುಣಿಯಿತು. ಇಡೀ ಊರು ಕೇಳಿದ ಮೇಲೆ ಯಾನಿರಾಳನ್ನು ಮುಟ್ಟುವ ಗಂಡಸು ಆ ದಿನ ಬೋಕಾ ಸೆಕಾದಲ್ಲಿ ಇರಲಿಲ್ಲ. ಪಂದ್ಯ ನಾವು ಸೋತೆವು. ಯಾರಿಗೂ ಅದರ ಪರಿವೆ ಇರಲಿಲ್ಲ.

ಫುಲ್ವಿಯೋ ಅಂದೇ ಸಂಜೆ ಠಾಣೆಯಿಂದ ಹೊರಗೆ ಬಂದ. ಕುಂಟುತ್ತಿದ್ದ, ಅಷ್ಟೇ. ಚುನಾವಣೆ ಬಂತು.

ಗೆದ್ದ.

ಸಣ್ಣ ಗೆಲುವಲ್ಲ, ಎದುರಾಳಿಯ ಠೇವಣಿ ಹೋಗುವಂಥ ಗೆಲುವು! ಅಂಗಡಿಯಲ್ಲಿ ಕೇಳಿದೆ, ಯಾಕ್ರಯ್ಯಾ ಎಂದು. "ಬೇರೆಯವ್ರು ಬೆನ್ನ ಹಿಂದೆ ಬೈತಾರೆ. ಇವನು ರೇಡಿಯೋದಲ್ಲಿ ಬೈದ. ಗಂಡಸು," ಎಂದರು.

ಸಿಟ್ಟು ನೆತ್ತಿಗೇರಿತು. ಯಾನಿರಾಳ ಹತ್ತಿರ ಹೋದೆ. ಅವಳು ಬ್ಯಾಟರಿಗೆ ನೀರು ಹಾಕುತ್ತಿದ್ದಳು.

"ಈ ಊರಿನ ಕತ್ತೆಗಳು ಅವನಿಗೇ ಓಟು ಹಾಕಿವೆ," ಎಂದೆ.

"ನಾನೂ ಅವನಿಗೇ ಹಾಕಿದ್ದು."

"ನೀನಾ? ಅವನು ನಿನ್ನ ಕತ್ತು ಕೊಯ್ಯೋಕೆ ಹೊರಟಿದ್ದ."

"ಹೌದು." ಅವಳು ತಲೆ ಎತ್ತಲಿಲ್ಲ. "ಕರ್ನಲ್‌ಗೆ ಗೊತ್ತಿತ್ತು, ಹೇಳ್ಲಿಲ್ಲ. ಓನರ್ ಬಾಗ್ಲು ಹಾಕ್ಕೊಂಡ. ಪಾದ್ರಿ ಪ್ರಾರ್ಥನೆ ಮಾಡಿದ್ರು. ನೀನು ಕಂಬ ಹತ್ತಿ ಕಣ್ಣಾರೆ ನೋಡಿ ಬಂದವ್ನು, ನೀನೂ ಬಾಯಿ ಬಿಡ್ಲಿಲ್ಲ. ಯಾನಿರಾ ಏನೂ ತಪ್ಪು ಮಾಡಿಲ್ಲ ಅಂತ ಊರಿಗೆಲ್ಲ ಕೇಳೋ ಹಾಗೆ ಬಾಯಿಬಿಟ್ಟು ಹೇಳಿದ ಗಂಡಸು ಅವನೊಬ್ನೇ."