ಎಲೆ ಬಿಟ್ಟು ಏಳದ ಸೋವಲದೇವಿ

ಬಹಳ ಕಾಲದ ಹಿಂದೆ, ಮಂಜರಾವತಿ ಎಂಬ ರಾಜ್ಯದಲ್ಲಿ, ಸೋವಲದೇವಿ ಎಂಬ ಹಿರಿಯ ಹೆಂಗಸು ಇದ್ದಳು. ಅವಳದು ಹೆಸರಾಂತ ಮನೆತನ. ಮುತ್ತಜ್ಜ ರಾಜನ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂತವನು. ಅಜ್ಜ ನೆರೆರಾಜ್ಯದ ಯುದ್ಧವನ್ನು ಬರಿಯ ಮಾತಿನಿಂದ ನಿಲ್ಲಿಸಿದವನು. ಆ ಮನೆಯಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ, ಯಾರೂ ಸದ್ದು ಮಾಡಿ ಸಾರು ಹೀರಿದ್ದೂ ಇಲ್ಲ.

ಆ ಊರಿನ ಪೇಟೆಬೀದಿಯಲ್ಲಿ ಧೂಮಕನೆಂಬ ಮಾಂತ್ರಿಕ ಖಾನಾವಳಿ ಇಟ್ಟಿದ್ದ. ಗೋಧಿಹಿಟ್ಟನ್ನು ಆಗಲೇ ನಾದಿ, ಆಗಲೇ ಹೊಸೆದು, ಆಗಲೇ ಬೇಯಿಸಿ ಮೂರು ಸರದಿಯಲ್ಲಿ ಬಡಿಸುತ್ತಿದ್ದ. ಸರದಿಗೊಂದು ನಿಯಮ ಹಾಕಿ, ಅದಕ್ಕೆ ತಪ್ಪಿದವರನ್ನು ತನ್ನ ಸಟ್ಟುಗದಿಂದ ಮುಟ್ಟಿ ಬಾತುಕೋಳಿ ಮಾಡುತ್ತಿದ್ದ, ಹಿತ್ತಲಲ್ಲಿ ಕೂಡಿಹಾಕಿ ಕೊಬ್ಬಿಸುತ್ತಿದ್ದ.

ಸೋವಲದೇವಿಯ ತಮ್ಮ ಬಮ್ಮರಸ ಅಲ್ಲಿಗೆ ಹೋದವನು ಮರಳಲಿಲ್ಲ. ಒಂದು ಬೆಳಿಗ್ಗೆ ಹೂವಾಡಗಿತ್ತಿ ಬಂದು ಹೇಳಿದಳು, "ಅಮ್ಮಾ, ಹಿತ್ತಲಲ್ಲಿರೋ ಕಂದು ಬಾತುಕೋಳಿ ನಿಮ್ಮ ತಮ್ಮನೇ. ಮೊದಲು ಕೊಯ್ಯೋದು ಅವನನ್ನೇ ಅಂತೆ. ಇವತ್ತೇ ಅಂತೆ."

ಸೋವಲದೇವಿ ಜರಿಯಂಚಿನ ಸೀರೆ ಉಟ್ಟು ಹೊರಟಳು.

"ಬನ್ನಿ, ಬನ್ನಿ," ಎಂದ ಧೂಮಕ. "ತಮ್ಮ ಬಂದ, ಈಗ ಅಕ್ಕ ಬಂದಳು. ಮೂರು ಸರದಿ ತಪ್ಪದೆ ಉಂಡರೆ ನೆಟ್ಟಗೆ ಮನೆಗೆ ಹೋಗಬಹುದು."

"ಎಲೆಗೆ ಮೊದಲು ನೀರು ಚಿಮುಕಿಸು," ಎಂದಳು ಅವಳು.

ಮೊದಲ ಸರದಿಗೆ ಶಾವಿಗೆ ಬಂತು. ಶಾವಿಗೆ ಒತ್ತುವ ಒರಳಿನಿಂದ ಇಳಿದ ಒಂದೇ ಎಳೆ, ಕುದಿಯುವ ನೀರನ್ನು ಹಾದು, ಕಾಯಿಹಾಲಿನಲ್ಲಿ ಅದ್ದಿ, ಎಲೆಯವರೆಗೂ ಹರಿದು ಬರುತ್ತಿತ್ತು. "ಕಡಿಯುವಂತಿಲ್ಲ," ಎಂದ ಧೂಮಕ. ಬೇರೆಯವರು ಬೇಸತ್ತು ಕಡಿದಿದ್ದರು. ಸೋವಲದೇವಿ ಎಳೆಯನ್ನು ಬೆರಳಿಗೆ ಸುತ್ತುತ್ತ, ನಿಧಾನವಾಗಿ ಉಂಡಳು. ಸುತ್ತಿದಳು, ಉಂಡಳು. ಒರಳಿನ ಹಿಟ್ಟು ಎಷ್ಟಿದ್ದರೂ ಹಿಟ್ಟೇ. ಅದು ಮುಗಿಯಿತು.

ಎರಡನೆಯ ಸರದಿಗೆ ಸೌತೆಬೀಜದ ಆಕಾರಕ್ಕೆ ಹೊಸೆದ ಗೋಧಿಹಿಟ್ಟಿನ ಕಾಳು, ಬಿಸಿ ತೊವ್ವೆಯಲ್ಲಿ. "ಮಾತಾಡುವಂತಿಲ್ಲ," ಎಂದ ಧೂಮಕ. ಕಾಳುಗಳು ಮಾತಾಡತೊಡಗಿದವು.

"ಏನವ್ವ, ಗಂಟಲು ಸಣ್ಣದೋ, ಗರ್ವ ದೊಡ್ಡದೋ?" ಎಂದಿತು ಒಂದು.

"ಮುತ್ತಜ್ಜನಿಗೆ ಮೊದಲ ಎಲೆ ಯಾಕೆ ಹಾಕಿದ್ದು ಗೊತ್ತೇನು? ಅದು ಬಾಗಿಲ ಹತ್ತಿರದ ಎಲೆ, ಅಲ್ಲಿ ಇನ್ಯಾರೂ ಕೂರೋಲ್ಲ ಅಂದರಂತೆ," ಎಂದಿತು ಇನ್ನೊಂದು. ಉಳಿದವು ಕಿಲಕಿಲ ನಕ್ಕವು.

ಸೋವಲದೇವಿಯ ಕಿವಿ ಕೆಂಪಾಯಿತು. ಆದರೆ ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂದು ಅವಳಿಗೆ ಎಳವೆಯಲ್ಲೇ ಕಲಿಸಿದ್ದರು. ಮಾತಾಡಿದ ಕಾಳನ್ನೇ ಮೊದಲು ಅಗಿದಳು.

ಮೂರನೆಯ ಸರದಿಗೆ ಹೂರಣದ ಕಡುಬು. ಹಾಳೆಯಂಥ ಕಣಕ, ಒಳಗೆ ಏಲಕ್ಕಿಯ ಬೆಲ್ಲ, ಮೇಲೆ ಕಾಯಿಸಿದ ತುಪ್ಪ. ಅಂಥ ಕಡುಬನ್ನು ಅವಳು ಅರಮನೆಯಲ್ಲೂ ಉಂಡಿರಲಿಲ್ಲ. "ಇನ್ನೊಂದು ಬೇಕು ಎನ್ನುವಂತಿಲ್ಲ," ಎಂದ ಧೂಮಕ, ಬೀದಿಗೆಲ್ಲ ಕೇಳುವ ದನಿಯಲ್ಲಿ. "ನಿನ್ನ ತಮ್ಮ ಕೇಳಿದ. ಹೊಟ್ಟೆಬಾಕ."

ಅವಳಿಗೂ ಇನ್ನೊಂದು ಬೇಕಾಗಿತ್ತು. ನಿಜವಾಗಿಯೂ ಬೇಕಾಗಿತ್ತು. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎಂದಳು.

"ಗೆದ್ದೆ. ಏಳು, ಹೋಗು. ನನಗೆ ಹಸಿವಾಗಿದೆ," ಎಂದು ಧೂಮಕ ಕತ್ತಿ ಮಸೆದ. ಹಿತ್ತಲಲ್ಲಿ ಕಂದು ಬಾತುಕೋಳಿ ಕೂಗಿತು.

ಸೋವಲದೇವಿ ಏಳಲಿಲ್ಲ. ಉಣ್ಣುವವರು ಎಲೆ ಬಿಟ್ಟು ಏಳುವ ತನಕ ಬಡಿಸಿದವನು ತುತ್ತು ಮುಟ್ಟುವಂತಿಲ್ಲ. ಎಬ್ಬಿಸುವಂತೆಯೂ ಇಲ್ಲ. ಈ ನಿಯಮ ಮನುಷ್ಯರಿಗೂ ಒಂದೇ, ಮಾಂತ್ರಿಕರಿಗೂ ಒಂದೇ.

"ಊಟ ಆಯಿತಲ್ಲ?"

"ಆಯಿತು. ಕೂತಿದ್ದೇನೆ."

ಹೊತ್ತು ಇಳಿಯಿತು. ಅವಳ ಮಂಡಿ ನೋಯುತ್ತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಧೂಮಕ ಬೆಳಿಗ್ಗೆಯಿಂದ ಉಂಡಿರಲಿಲ್ಲ. ಮಂತ್ರ ಹೇಳಹೋದರೆ ನಾಲಿಗೆ ತೊದಲಿತು, ಕತ್ತಿ ಕೈಜಾರಿತು.

"ಅಮ್ಮಾ, ದಮ್ಮಯ್ಯ, ಏಳಿ," ಎಂದ.

"ಸಟ್ಟುಗವನ್ನು ಒಲೆಗೆ ಹಾಕು."

ಹಾಕಿದ. ಸಟ್ಟುಗ ಹಸಿರು ಜ್ವಾಲೆಯಾಗಿ ಉರಿದು ಬೂದಿಯಾಯಿತು. ಹಿತ್ತಲಿನ ಬಾತುಕೋಳಿಗಳೆಲ್ಲ ಮನುಷ್ಯರಾಗಿ, ಪುಕ್ಕ ಕೊಡವಿಕೊಂಡು ಒಳಗೆ ಬಂದರು. ಗಂಡನಿಗೆ ಹೆಂಡತಿ ಸಿಕ್ಕಳು, ತಾಯಿಗೆ ಮಗ ಸಿಕ್ಕ. ಮಂಜರಾವತಿಯಲ್ಲಿ ಅಂದಿನಿಂದ ಯಾರೂ ಹೆದರಿಕೊಂಡು ಉಣ್ಣಲಿಲ್ಲ, ಎಲ್ಲರೂ ಸುಖವಾಗಿದ್ದರು.

ಬಮ್ಮರಸ ಅಕ್ಕನ ಬಳಿ ತಲೆ ತಗ್ಗಿಸಿ ನಿಂತ. "ನಡಿ ಅಕ್ಕ, ಮನೆಗೆ ಹೋಗೋಣ."

"ಎಲ್ಲ ಮುಗಿಯಿತಲ್ಲ, ಇನ್ನಾದರೂ ಏಳಿ," ಎಂದ ಧೂಮಕ.

ಸೋವಲದೇವಿ ಸೆರಗು ಸರಿಮಾಡಿಕೊಂಡು, ಕೂತಲ್ಲೇ ಕೂತು ಹೇಳಿದಳು:

"ನನ್ನ ತಮ್ಮನನ್ನು ಹೊಟ್ಟೆಬಾಕ ಅಂದೆ. ಬೀದಿಗೆಲ್ಲ ಕೇಳುವಂತೆ ಅಂದೆ. ಬೀದಿಗೆಲ್ಲ ಕೇಳುವಂತೆ ಕ್ಷಮೆ ಕೇಳು."